ಹದಿನೆಂಟು ಮೀಟರಿನ ಬಿಲ್ಲು

ಬಿಲ್ಲಿನ ತೋಳಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಲೆಕ್ಕ ಬರೆದಿರುತ್ತಾರೆ. ನನ್ನ ಮೊದಲ ಬಿಲ್ಲಿನ ಮೇಲಿದ್ದದ್ದು 50 ಪೌಂಡ್, 28 ಇಂಚು. ಹೆದೆಯನ್ನು 28 ಇಂಚಿನವರೆಗೆ ಎಳೆದರೆ ಬೆರಳುಗಳ ಮೇಲೆ 50 ಪೌಂಡ್ ಭಾರ ಬೀಳುತ್ತದೆ ಎಂದು ಅದರ ಅರ್ಥ. ಕೊಂಡು ಆರು ತಿಂಗಳಾದ ಮೇಲೆ ಹಿರಿಯ ಬಿಲ್ಲುಗಾರರೊಬ್ಬರು ಇಂಚಿಂಚಿಗೂ ಗೀಟು ಎಳೆದ ಒಂದು ಬಾಣವನ್ನು ನನ್ನ ಕೈಗಿಟ್ಟು, "ಎಳಿ, ದವಡೆಗೆ ಬೆರಳು ತಾಗಿದ ಕೂಡಲೇ ನಿಲ್ಲಿಸು" ಅಂದರು. ಬಾಣ 26ರಲ್ಲಿ ನಿಂತಿತು. ನನ್ನ ಎತ್ತರ ಐದು ಅಡಿ ಐದು ಇಂಚು. ಕೈ ಅದಕ್ಕೆ ತಕ್ಕಷ್ಟು. ಒಂದು ಇಂಚು ಕಡಿಮೆ ಎಳೆದರೆ ಸುಮಾರು ಎರಡೂವರೆ ಪೌಂಡ್ ಇಳಿಯುತ್ತದೆ. ಹಾಗಾಗಿ 50 ಪೌಂಡಿನ ಬಿಲ್ಲು ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದು ನನ್ನ ಕೈಯಲ್ಲಿ 45ರದ್ದಾಗಿತ್ತು.

ಗುರಿಹಲಗೆಗೆ 45 ಧಾರಾಳ. ನಾನು ಯೋಚಿಸುತ್ತಿದ್ದದ್ದು ಮೂಸ್ ಬೇಟೆಯ ಬಗ್ಗೆ.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಡ್ಬರಿಯ ಹೊರವಲಯದಲ್ಲಿ, ಹಿತ್ತಲಿಗೆ ಬಂಡೆಗುಡ್ಡ ತಾಗಿಕೊಂಡ ಒಂದು ಮನೆಯಲ್ಲಿ. ಸಡ್ಬರಿ ನಿಕ್ಕಲ್ ಗಣಿಗಳ ಊರು. ಸುರತ್ಕಲ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದಿದ ಮಲೆನಾಡಿನವನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು ಆ ಗಣಿಗಳೇ. ಮೊದಲ ಮೂಸ್ ಕಂಡದ್ದು ಬಂದ ಮರುವರ್ಷದ ಮೇ ತಿಂಗಳಲ್ಲಿ, ಆಲ್ಗಾಂಕ್ವಿನ್ ಪಾರ್ಕಿನ ನಡುವೆ ಹಾಯುವ 60ನೇ ಹೆದ್ದಾರಿಯ ಪಕ್ಕದ ಚರಂಡಿಯಲ್ಲಿ. ಚಳಿಗಾಲವಿಡೀ ಮಂಜು ಕರಗಲೆಂದು ರಸ್ತೆಗೆ ಸುರಿದ ಉಪ್ಪು ವಸಂತದಲ್ಲಿ ಚರಂಡಿ ನೀರಿಗೆ ಇಳಿದಿರುತ್ತದೆ. ಉಪ್ಪಿಗೆ ಹಾತೊರೆಯುವ ಮೂಸ್‌ಗಳು ಅದನ್ನು ಕುಡಿಯಲು ಬರುತ್ತವೆ. ಕಡವೆಯನ್ನು ನೋಡಿ ಬೆಳೆದವನಿಗೆ ಇದೂ ಜಿಂಕೆಯ ಕುಲವೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಭುಜದ ಎತ್ತರವೇ ನನ್ನ ತಲೆಗಿಂತ ಮೇಲೆ. ದೊಡ್ಡ ಗಂಡು 500 ಕಿಲೋ ದಾಟುತ್ತದೆ. ಕುದುರೆಯಂಥ ಉದ್ದ ಮೂತಿ, ಗಂಟಲ ಕೆಳಗೆ ಜೋತಾಡುವ ಚರ್ಮದ ಚೀಲ, ಕೊಕ್ಕರೆಯ ಹಾಗೆ ಕಾಲುಗಳು. ಶರತ್ಕಾಲದ ಹೊತ್ತಿಗೆ ಗಂಡಿನ ತಲೆಯ ಮೇಲೆ ಅಂಗೈ ಅಗಲಿಸಿ ಬೆರಳು ಬಿಡಿಸಿದಂಥ ಚಪ್ಪಟೆ ಕೊಂಬು.

ಬಿಲ್ಲಿನಲ್ಲಿ ಮೂಸ್ ಬೇಟೆಗೆ ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಬೈಯಲಿಲ್ಲ. ನಮ್ಮದು ಶಿಕಾರಿಯ ಮನೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕೋವಿ ಗೋಡೆಗೆ ಸೇರಿತು, ಮಾತುಗಳು ಮಾತ್ರ ಉಳಿದವು. ಸೋವು (ಪ್ರಾಣಿಯನ್ನು ಎಬ್ಬಿಸಿ ಓಡಿಸುವುದು), ಮರಸು (ಅಡಗಿ ಕೂತು ಕಾಯುವುದು), ಪಾಲು (ಬೇಟೆಯ ಹಂಚಿಕೆ) ಎಲ್ಲ ನನಗೆ ಹಾಗೆ ಬರೀ ಮಾತಾಗಿಯೇ ದಕ್ಕಿದವು. ಆ ಕಾಯಿದೆ ಬಂದದ್ದು ಒಳ್ಳೆಯದಾಯಿತು ಎಂದೇ ನಾನು ತಿಳಿದಿದ್ದೇನೆ, ಇಲ್ಲವಾದರೆ ನಮ್ಮ ಕಡೆಯ ಕಾಡಿನಲ್ಲಿ ಇವತ್ತು ಏನೂ ಉಳಿಯುತ್ತಿರಲಿಲ್ಲ. ಅಮ್ಮ ಕೇಳಿದ್ದು ಬೇರೆ: "ಅಷ್ಟು ದೊಡ್ಡ ಪ್ರಾಣಿಗೆ ಒಂದು ಕಡ್ಡೀಲಿ ಹೊಡೀತೀಯಾ? ನೋವಾಗಲ್ವೇನೋ ಅದಕ್ಕೆ?"

ಆ ಪ್ರಶ್ನೆಗೆ ಆವತ್ತು ನನ್ನ ಬಳಿ ಉತ್ತರವಿರಲಿಲ್ಲ. ಆಮೇಲಿನ ನಾಲ್ಕು ವರ್ಷ ಬಿಲ್ಲು, ಬಾಣ, ಅಲಗು ಎಂದು ನಾನು ಆರಿಸಿದ್ದೆಲ್ಲ ಅದಕ್ಕೆ ಉತ್ತರ ಹುಡುಕುತ್ತಲೇ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಮೂಸ್ ಹೊಡೆಯುವವರು ಇಲ್ಲಿ ಹೆಚ್ಚಾಗಿ ಬಳಸುವಂಥ .30-06 ರೈಫಲ್ಲಿನ ಗುಂಡು ನಳಿಗೆಯಿಂದ ಹೊರಡುವಾಗ ಅದರಲ್ಲಿ 4,000 ಜೌಲ್‌ಗೆ ಸಮೀಪದ ಶಕ್ತಿ ಇರುತ್ತದೆ. ನನ್ನ ಈಗಿನ ಬಾಣದ್ದು ಸುಮಾರು 42 ಜೌಲ್. ನೂರರಲ್ಲಿ ಒಂದು ಪಾಲು. ಗುಂಡು ಜಜ್ಜಿ, ಒಡೆದು, ಆಘಾತದಿಂದ ಕೆಡವುತ್ತದೆ. ಬಾಣಕ್ಕೆ ಆ ಬಲವಿಲ್ಲ. ಅದು ಕತ್ತರಿಸುತ್ತದೆ, ಅಷ್ಟೇ. ಎರಡೂ ಶ್ವಾಸಕೋಶ ಸೀಳಿಕೊಂಡು ಆಚೆ ಬದಿಯಿಂದ ಹೊರಬಿದ್ದರೆ ರಕ್ತದ ಒತ್ತಡ ಕುಸಿದು ಪ್ರಾಣಿ ಬೇಗ ನೆಲಕ್ಕೊರಗುತ್ತದೆ. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ. ಭುಜದ ಮೂಳೆಗೆ ಬಡಿದರೆ ಬಾಣ ಅಲ್ಲೇ ಸಿಕ್ಕಿಕೊಂಡು ಪ್ರಾಣಿ ಗಾಯ ಹೊತ್ತು ಓಡುತ್ತದೆ. ಸಾಧಾರಣ ಕೈಯಲ್ಲಿ ಬಿಲ್ಲಿಗಿಂತ ಕೋವಿಯೇ ಕರುಣೆಯುಳ್ಳದ್ದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗಿದ್ದೂ ಬಿಲ್ಲು ಹಿಡಿಯುವವನು ತನ್ನ ಕೈ ಸಾಧಾರಣವಾಗಿ ಉಳಿಯದಂತೆ ನೋಡಿಕೊಳ್ಳಬೇಕು. ಅದಾಗದಿದ್ದರೆ ಬಿಲ್ಲನ್ನು ಕೆಳಗಿಡಬೇಕು.

ಸಾಂಪ್ರದಾಯಿಕ ಬಿಲ್ಲು ಎಂದು ಇಲ್ಲಿ ಕರೆಯುವುದು ಉದ್ದನೆಯ ಸಾದಾ ಲಾಂಗ್‌ಬೋ ಮತ್ತು ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್‌ಗಳನ್ನು. ಗಾಲಿಗಳ ಕಾಂಪೌಂಡ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ಭಾರದ ಬಹುಪಾಲನ್ನು ಗಾಲಿಗಳೇ ಹೊತ್ತುಕೊಳ್ಳುತ್ತವೆ. ಗುರಿ ಹಿಡಿಯಲು ಪಿನ್ ಇರುತ್ತದೆ, ಬಾಣ ಸೆಕೆಂಡಿಗೆ 80 ಮೀಟರ್ ದಾಟುತ್ತದೆ. ಲಾಂಗ್‌ಬೋ, ರಿಕರ್ವ್‌ಗಳಲ್ಲಿ ಕೊನೆಯ ಇಂಚಿನಲ್ಲೇ ಭಾರ ಅತಿ ಹೆಚ್ಚು, ಅಷ್ಟನ್ನೂ ಬೆನ್ನಿನ ಸ್ನಾಯು ಹೊರಬೇಕು. ಗುರಿ ಹೇಳಿಕೊಡಲು ಏನೂ ಇಲ್ಲ. ಕಣ್ಣು ಒಂದು ಕಡೆ ನಾಟಿದರೆ ಕೈ ಅಲ್ಲಿಗೆ ಹೋಗಬೇಕು.

ಈ ಬಿಲ್ಲುಗಾರಿಕೆ ಉತ್ತರ ಅಮೆರಿಕದ ಬಿಳಿಯರ ಕೈಗೆ ಮರಳಿ ಬಂದ ಕಥೆಯನ್ನು ಯಾರಾದರೂ ಹೇಳದೆ ಬಿಟ್ಟರೆ ನನಗೆ ಸಂಕಟವಾಗುತ್ತದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಬಳಿ ಕಾಡಿನಿಂದ ಒಬ್ಬ ಮನುಷ್ಯ ಒಂಟಿಯಾಗಿ ಹೊರಬಂದ. ಯಾಹಿ ಜನಾಂಗದವನು, ತನ್ನವರೆಲ್ಲ ವಲಸಿಗರ ಕೈಯಲ್ಲಿ ಅಳಿದ ಮೇಲೆ ಉಳಿದ ಕೊನೆಯವನು. ಇಶಿ ಎಂದು ಅವನನ್ನು ಕರೆದರು. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ, ಅವನ ಭಾಷೆಯಲ್ಲಿ ಇಶಿ ಎಂದರೆ ಬರೀ 'ಮನುಷ್ಯ'. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನಿಗೆ ವೈದ್ಯರಾಗಿದ್ದ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಮಾಡುವುದನ್ನೂ ಬಿಡುವುದನ್ನೂ ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಪೋಪ್ ಮತ್ತು ಅವರ ಗೆಳೆಯ ಆರ್ಟ್ ಯಂಗ್ ಆ ವಿದ್ಯೆಯನ್ನು ಮುಂದಕ್ಕೆ ಒಯ್ದರು. 1920ರ ದಶಕದಲ್ಲಿ ಯಂಗ್ ಅಲಾಸ್ಕಾಕ್ಕೆ ಹೋಗಿ ಬಿಲ್ಲಿನಲ್ಲೇ ಮೂಸ್ ಬೇಟೆಯಾಡಿದರು. ಇಂದಿನ ಬಿಲ್ಲುಬೇಟೆಯವರ ದೊಡ್ಡ ಸಂಘದ ಹೆಸರಿನಲ್ಲಿ ಪೋಪ್ ಮತ್ತು ಯಂಗ್ ಇದ್ದಾರೆ, ಇಶಿ ಇಲ್ಲ. ನಾನು ನಡೆದಾಡುವ ಈ ಉತ್ತರದ ಕಾಡಿನಲ್ಲೂ ಮೂಸ್ ಜೊತೆಗಿನ ನಂಟು ಅನಿಶಿನಾಬೆ ಜನರದು. ಅವರ ಓಜಿಬ್ವೆ ಭಾಷೆಯಲ್ಲಿ ಅದು 'ಮೂಝ್', ಇಂಗ್ಲಿಷಿನ ಹೆಸರೂ ಅದೇ ಭಾಷಾಕುಟುಂಬದಿಂದ ಬಂದದ್ದು. ಹೆಣ್ಣು ಮೂಸ್ ಕೂಗನ್ನು ಅನುಕರಿಸಲು ನಾನು ಬಳಸುವ ಬರ್ಚ್ ತೊಗಟೆಯ ಕಹಳೆಯೂ ಈ ನೆಲದ ಮೂಲಜನರ ಬುದ್ಧಿಯೇ. ನಾನು ಇಲ್ಲಿ ಎರವಲು ಪಡೆದವನು ಎನ್ನುವುದು ಕಹಳೆಯನ್ನು ಬಾಯಿಗಿಟ್ಟಾಗಲೆಲ್ಲ ನೆನಪಾಗುತ್ತದೆ.

ಬಿಲ್ಲಿನ ಭಾರಕ್ಕೆ ಮರಳುತ್ತೇನೆ. ಒಂಟಾರಿಯೊದ ನಿಯಮದ ಪ್ರಕಾರ ಮೂಸ್‌ಗೆ ಬಳಸುವ ಬಿಲ್ಲು 700 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎಳೆತದಲ್ಲಿ ಕನಿಷ್ಠ 22 ಕಿಲೋ, ಅಂದರೆ ಸುಮಾರು 48.5 ಪೌಂಡ್ ತೂಗಬೇಕು. ಬಾಣ 600 ಮಿಲಿಮೀಟರಿಗಿಂತ ಗಿಡ್ಡವಿರಬಾರದು. ಅಲಗಿನ ಅಗಲ ಕನಿಷ್ಠ 22 ಮಿಲಿಮೀಟರ್. 700 ಮಿಲಿಮೀಟರ್ ಎಂದರೆ ಇಪ್ಪತ್ತೇಳೂವರೆ ಇಂಚು. ನನ್ನ ಮೊದಲ ಬಿಲ್ಲು ಆ ಎಳೆತದಲ್ಲಿ 49ರ ಹತ್ತಿರ ತೂಗಿ ಕಾನೂನಿನಲ್ಲಿ ಹೇಗೋ ಪಾಸಾಗುತ್ತಿತ್ತು. ಆದರೆ ಕಾನೂನು ಅಳೆಯುವುದು ಬಿಲ್ಲನ್ನು, ನನ್ನ ತೋಳನ್ನು ಅಳೆಯಬೇಕಾದವನು ನಾನೇ.

ಆಗ ಮಾಡಿದ ತಪ್ಪು ಹೇಳುತ್ತೇನೆ. 45 ಸಾಲದು ಎಂದು ತಿಳಿದ ಮರುವಾರವೇ 60 ಪೌಂಡಿನ ರಿಕರ್ವ್ ತಂದೆ. ಅಂಗಡಿಯವರು ಎರಡು ಸಲ ಎಳೆಸಿ ನೋಡಿ ಸರಿಯಾಗಿದೆ ಅಂದರು, ನಾನೂ ಹೌದೆಂದೆ. ನನ್ನ ಎಳೆತದಲ್ಲಿ ಅದು 55. ಎಳೆಯಬಲ್ಲೆ, ಹಿಡಿದು ನಿಲ್ಲಲಾರೆ. ಬೆರಳು ದವಡೆ ಮುಟ್ಟುವ ಮೊದಲೇ ಬಾಣ ಹೊರಟುಹೋಗತೊಡಗಿತು. ಸ್ವಲ್ಪ ಕಾಲದಲ್ಲಿ ಮನಸ್ಸೇ ಕೆಟ್ಟಿತು. ಗುರಿಯ ಮೇಲೆ ಕಣ್ಣಿಟ್ಟ ಕ್ಷಣ ಬೆರಳು ತಾನಾಗಿ ಬಿಚ್ಚಿಕೊಳ್ಳುವುದು, ಬೇಡವೆಂದರೂ ನಿಲ್ಲದಿರುವುದು. ಅನೇಕ ಬಿಲ್ಲುಗಾರರು ವರ್ಷಗಟ್ಟಲೆ ಒದ್ದಾಡುವ ರೋಗ ಅದು. ಬಲ ಮೊಣಕೈಯಲ್ಲಿ ನೋವು ಕೂತುಕೊಂಡಿತು. ಆ ವರ್ಷ ನಾನು ಕಾಡಿಗೆ ಹೋಗಲಿಲ್ಲ.

ಮುಂದಿನ ಚಳಿಗಾಲವೆಲ್ಲ 35 ಪೌಂಡಿನ ಹಳೆಯ ಬಿಲ್ಲಿನಲ್ಲಿ ಕಳೆದೆ. ನೆಲಮನೆಯಲ್ಲಿ ಐದು ಮೀಟರ್ ದೂರದಲ್ಲಿ ಮಣ್ಣು ಬಣ್ಣದ ದಿಂಬಿನಂಥ ಗುರಿ. ಎಳೆದು ನಾಲ್ಕು ಎಣಿಸಿ, ಅರ್ಧದಷ್ಟು ಸಲ ಬಾಣ ಬಿಡದೆ ಹೆದೆಯನ್ನು ಮೆಲ್ಲಗೆ ವಾಪಸ್ ತರುವುದು. ಬಿಡದೆ ಇಳಿಸುವುದನ್ನು ಕಲಿಯಲು ಬಿಡುವುದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಏಪ್ರಿಲ್ ಹೊತ್ತಿಗೆ ಬೆರಳು ನನ್ನ ಮಾತು ಕೇಳತೊಡಗಿತು.

ಮೂರನೆಯ ಬಿಲ್ಲನ್ನು ಹೇಳಿ ಮಾಡಿಸಿದೆ. ಅದರ ಮೇಲೆ ಬರೆದದ್ದು 51 ಪೌಂಡ್, 26 ಇಂಚು. ನನ್ನ ಕೈಯ ಲೆಕ್ಕ, ನನ್ನ ಕೈಯ ಭಾರ. ಉದ್ದ 62 ಇಂಚು. 66, 68 ಇಂಚಿನ ಲಾಂಗ್‌ಬೋಗಳು ಬಿಡುವಾಗ ಇನ್ನೂ ಮೃದು, ಸಣ್ಣ ತಪ್ಪನ್ನು ಕ್ಷಮಿಸುತ್ತವೆ. ಅವುಗಳ ಮೇಲೆ ನನಗೆ ಆಸೆಯೂ ಇತ್ತು. ಆದರೆ ಇಲ್ಲಿ ಮೂಸ್ ಬೇಟೆ ಎಂದರೆ ಕೆನೂ ದೋಣಿ, ಆಲ್ಡರ್ ಪೊದೆ, ಮಂಡಿಯೂರಿ ಕೂತಲ್ಲಿಂದ ಬಾಣ ಬಿಡುವುದು. ಉದ್ದನೆಯ ಬಿಲ್ಲಿನ ಕೆಳತುದಿ ನೆಲಕ್ಕೋ ಕೊಂಬೆಗೋ ತಾಗುತ್ತದೆ. ಮೂರು ತುಂಡಾಗಿ ಬಿಚ್ಚಿಡಬಹುದಾದ ರಿಕರ್ವ್ ಆರಿಸಿದೆ. ತೋಳಿನ ಒಳಗೆ ಬಿದಿರಿನ ತೆಳು ಪಟ್ಟಿಗಳು, ಮೇಲೆ ಕೆಳಗೆ ಫೈಬರ್‌ಗ್ಲಾಸ್. ಒಂದೇ ಮರದ ಬಿಲ್ಲನ್ನು ಕೈಯಾರೆ ಕೆತ್ತುವ ಗೆಳೆಯರಿಗೆ ಫೈಬರ್‌ಗ್ಲಾಸ್ ಎಂದರೆ ಅಪಥ್ಯ. ಅವರ ಹಿಕರಿ, ಓಸೇಜ್ ಬಿಲ್ಲುಗಳನ್ನು ಕಂಡರೆ ನನಗೆ ಗೌರವವಿದೆ. ಆದರೆ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ನಾಲ್ಕು ದಿನ ನೆನೆದ ಮೇಲೂ ಮೊದಲ ದಿನದಷ್ಟೇ ಭಾರ ಎಳೆಸುವ ಬಿಲ್ಲು ನನಗೆ ಬೇಕಿತ್ತು.

ಬಾಣದ ವಿಷಯದಲ್ಲಿ ನಾನು ಇನ್ನೂ ಹಟಮಾರಿ. ಎಡ್ ಆಶ್ಬಿ ಎಂಬ ಅಮೆರಿಕದ ಬಿಲ್ಲುಬೇಟೆಗಾರರು 1980ರ ದಶಕದಿಂದ ದಕ್ಷಿಣ ಆಫ್ರಿಕದ ನಟಾಲ್‌ನಲ್ಲೂ ಆಮೇಲೆ ಬೇರೆಡೆಗಳಲ್ಲೂ ಬಾಣ ದೊಡ್ಡ ಪ್ರಾಣಿಗಳ ದೇಹದೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ಅಳೆದು ದಾಖಲಿಸುತ್ತ ಬಂದರು. ಅವರು ಹೇಳುವ ಒಂದು ಅಂಕಿ ಬಿಲ್ಲುಬೇಟೆಯವರ ಬಾಯಲ್ಲಿ ಸದಾ ಇರುತ್ತದೆ: 650 ಗ್ರೇನ್. ಬಾಣ ಅಷ್ಟು ತೂಗಿದರೆ ದಪ್ಪ ಮೂಳೆಯನ್ನು ಭೇದಿಸುವ ಸಾಧ್ಯತೆ ಗಣನೀಯವಾಗಿ ಏರುತ್ತದೆ ಎಂದು. 650 ಗ್ರೇನ್ ಎಂದರೆ 42 ಗ್ರಾಂ. ಮೂಸ್ ಪಕ್ಕೆಲುಬುಗಳು ಅಗಲ, ಒಂದಕ್ಕೊಂದು ಹತ್ತಿರ. ಎಷ್ಟೇ ಸರಿಯಾಗಿ ಬಿಟ್ಟರೂ ಒಂದನ್ನಾದರೂ ಕಡಿದುಕೊಂಡು ಹೋಗಬೇಕಾಗಬಹುದು. ಹಗುರ ಬಾಣ ವೇಗವಾಗಿ ಹೋಗಿ ಬೇಗ ಸೋಲುತ್ತದೆ, ಭಾರದ ಬಾಣ ನಿಧಾನವಾಗಿ ಹೋದರೂ ಒಳಗೆ ಹೊಕ್ಕ ಮೇಲೆ ಮುನ್ನುಗ್ಗುತ್ತಲೇ ಇರುತ್ತದೆ. ಇನ್ನೊಂದು ಲಾಭ, ಬಾಣ ಭಾರವಾದಷ್ಟೂ ಬಿಲ್ಲಿನ ಶಕ್ತಿ ಬಾಣಕ್ಕೇ ಹೆಚ್ಚು ಸೇರಿ ಬಿಲ್ಲು ಸದ್ದು ಕಡಿಮೆ ಮಾಡುತ್ತದೆ. ಮೂಸ್‌ನ ಕಣ್ಣು ಅಷ್ಟಕ್ಕಷ್ಟೇ, ಕಿವಿ ಮತ್ತು ಮೂಗು ಮಾತ್ರ ಬಲು ಚುರುಕು.

ದಂಡಕ್ಕೆ ಮೊದಲು ಪೋರ್ಟ್ ಓರ್ಫರ್ಡ್ ಸೀಡರ್ ಮರವನ್ನೇ ಬಳಸುತ್ತಿದ್ದೆ. ಮುರಿದರೆ ಶುಂಠಿಯಂಥ ಘಮ ಬರುತ್ತದೆ, ಅಭ್ಯಾಸಕ್ಕೆ ಈಗಲೂ ಅದೇ. ಮೂಸ್‌ಗೆ ಕಾರ್ಬನ್ ದಂಡ, ಮುಂದುಗಡೆ ಹಿತ್ತಾಳೆಯ ತುಂಡು, ಅದರ ಮುಂದೆ 200 ಗ್ರೇನಿನ ಅಲಗು. ತೂಕವೆಲ್ಲ ಮೂತಿಯ ಕಡೆ ಸೇರಿದರೆ ಬಾಣ ಬೇಗ ನೇರವಾಗುತ್ತದೆ. ದಂಡ ಎಷ್ಟು ಬಾಗಬೇಕು ಎಂಬುದನ್ನು ಹೊಂದಿಸಲು ಎರಡು ತಿಂಗಳು ಹಿಡಿಯಿತು. ಹೆದೆ ಬಿಟ್ಟೊಡನೆ ಬಾಣ ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು ಹಾವಿನಂತೆ ಬಳುಕಿ ಆಚೆ ಹೋಗುತ್ತದೆ. ಹೆಚ್ಚು ಗಡುಸಾದರೆ ಒಂದು ಕಡೆ, ಹೆಚ್ಚು ಮೆತ್ತಗಾದರೆ ಇನ್ನೊಂದು ಕಡೆ ವಾಲುತ್ತದೆ. ವಾಲುತ್ತ ಹೋಗುವ ಬಾಣ ಮೈಗೆ ತಾಗಿದಾಗ ತನ್ನ ಬಲವನ್ನೆಲ್ಲ ಅಡ್ಡಕ್ಕೆ ಕಳೆದುಕೊಳ್ಳುತ್ತದೆ. ನನ್ನ ಮಟ್ಟಿಗೆ ಬಾಣ ನೇರ ಹೋಗುವುದು ಬಿಲ್ಲಿನ ಐದು ಪೌಂಡಿಗಿಂತ ದೊಡ್ಡದು. ಬಾಲಕ್ಕೆ ಟರ್ಕಿ ಕೋಳಿಯ ಬಲರೆಕ್ಕೆಯ ಮೂರು ಗರಿ. ಒಂದೇ ಬದಿಯ ರೆಕ್ಕೆಯವೇ ಆಗಬೇಕು, ಬಾಣ ಆ ಕಡೆಗೇ ತಿರುಗುತ್ತದೆ.

ಅಲಗು ಎರಡು ಬಾಯಿಯದು. ತಾಗಿದ ಮೇಲೆ ಬಿಚ್ಚಿಕೊಳ್ಳುವ ಅಲಗುಗಳೂ ಸಿಗುತ್ತವೆ, ಆದರೆ ಬಿಚ್ಚಿಕೊಳ್ಳುವುದಕ್ಕೇ ಶಕ್ತಿ ಖರ್ಚಾಗುತ್ತದೆ. 42 ಜೌಲ್ ಇಟ್ಟುಕೊಂಡವನು ಹಾಗೆ ದುಂದು ಮಾಡಲಾಗದು. ನನ್ನ ಅಲಗಿಗೆ ಬಡಗಿಯ ಉಳಿಯ ಹಾಗೆ ಒಂದೇ ಮಗ್ಗುಲಿಗೆ ಇಳಿಜಾರು. ಮೂಳೆಯಲ್ಲಿ ಹೋಗುವಾಗ ಅದು ತಿರುಚಿಕೊಳ್ಳುತ್ತದೆ, ತಿರುಚಿ ಸೀಳುತ್ತದೆ. ಗರಿ ಬಲಕ್ಕೆ ತಿರುಗಿಸಿದರೆ ಇಳಿಜಾರೂ ಬಲದ್ದೇ ಇರಬೇಕು, ಇಲ್ಲವಾದರೆ ಎರಡೂ ಪರಸ್ಪರ ಜಗಳವಾಡುತ್ತವೆ.

ಸಾಣೆ ಹಿಡಿಯಲು ಕಲಿತದ್ದೇ ಈ ನಾಲ್ಕು ವರ್ಷಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ. ಮೊದಲು ಅರ, ಆಮೇಲೆ ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಮುಂಗೈ ಕೂದಲು ಬೋಳಿಸಿದರೆ ಸಾಲದು. ಎರಡು ಮೊಳೆಗಳ ನಡುವೆ ಸಡಿಲವಾಗಿ ಕಟ್ಟಿದ ರಬ್ಬರ್ ಬ್ಯಾಂಡ್ ಮೇಲೆ ಅಲಗನ್ನು ಇಟ್ಟು ಎಳೆದರೆ ತಳ್ಳದೆ ತುಂಡಾಗಬೇಕು. ಹಾಗೆ ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕೂತಿದ್ದಾಗ ಬೆರಳಿಗೆ ತಾಗಿತು. ರಕ್ತ ಕಂಡ ಮೇಲೆಯೇ ಗೊತ್ತಾದದ್ದು. ಆಗ ನೆನಪಾದದ್ದು ಅಡಕೆ ಕೊಯ್ಲಿನ ದಿನಗಳ ನಮ್ಮ ಜಗಲಿ. ಮೆಟ್ಟುಗತ್ತಿಯ ಮುಂದೆ ಅಮ್ಮ ಸಾಲಿನಲ್ಲಿ ಕೂತು ಸುಲಿಯುತ್ತಿದ್ದಳು. ಬೆರಳು ಕೊಯ್ದುಕೊಂಡರೆ ಅವಳಿಗೂ ಮೊದಲು ಕಾಣುತ್ತಿದ್ದದ್ದು ಅಡಕೆಯ ಮೇಲಿನ ಕೆಂಪು, ಉರಿ ಆಮೇಲೆ. ಮೊಂಡು ಕತ್ತಿ ತಾಗಿದ ದಿನ ಮಾತ್ರ ಕೂಗಿಕೊಳ್ಳುತ್ತಿದ್ದಳು. ಮರುದಿನ ಫೋನ್ ಮಾಡಿ ಅದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಚೆನ್ನಾಗಿ ಮಸಿ," ಅಂದಳು.

ಇಷ್ಟೆಲ್ಲ ಆದ ಮೇಲೂ ನನ್ನ ಬಾಣ ಸೆಕೆಂಡಿಗೆ 45 ಮೀಟರ್ ಹೋಗುತ್ತದೆ, ಅಷ್ಟೇ. 18 ಮೀಟರ್ ದೂರ ಮುಟ್ಟಲು 0.4 ಸೆಕೆಂಡ್. ಹೆದೆಯ ಸದ್ದು ಅಷ್ಟರೊಳಗೆ ಯಾವಾಗಲೋ ಮುಟ್ಟಿರುತ್ತದೆ. 18 ಎಂದು ಅಂದಾಜಿಸಿ ಬಿಟ್ಟ ಬಾಣಕ್ಕೆ ನಿಜವಾದ ದೂರ 23 ಮೀಟರ್ ಆಗಿದ್ದರೆ ಅದು ಹೆಚ್ಚುಕಡಿಮೆ 28 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ಒಂದು ಗೇಣಿಗೂ ಮಿಕ್ಕಿ. ಮೂಸ್ ವಿಷಯದಲ್ಲಿ ಈ ತಪ್ಪು ಸುಲಭ. ಪ್ರಾಣಿ ದೊಡ್ಡದಾದ್ದರಿಂದ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಹಾಗಾಗಿ ನನ್ನ ಮಿತಿಯನ್ನು ಹೀಗೆ ನಿಶ್ಚಯಿಸಿಕೊಂಡೆ: ಎರಡು ತಿಂಗಳು ದಿನಕ್ಕೆ ಒಂದೇ ಬಾಣದ ಲೆಕ್ಕ ಬರೆದೆ. ಬೆಳಿಗ್ಗೆ ಎದ್ದು, ಮೈ ಬಿಸಿ ಮಾಡಿಕೊಳ್ಳದೆ, ಬೇಟೆಯ ದಪ್ಪ ಜಾಕೆಟ್ ಹಾಕಿಕೊಂಡು, ಮಂಡಿಯೂರಿ, ಒಂದು ಬಾಣ. ಕಾಡಿನಲ್ಲಿ ಎರಡನೆಯದು ಸಿಗುವುದಿಲ್ಲವಲ್ಲ. ಊಟದ ತಟ್ಟೆಯಷ್ಟು ಜಾಗದೊಳಗೆ ಆ ಮೊದಲ ಬಾಣ ತಪ್ಪದೆ ಬೀಳುತ್ತಿದ್ದದ್ದು 18 ಮೀಟರಿನವರೆಗೆ. 20 ಮೀಟರಿನಲ್ಲಿ ಏಳು ಸಲ ಹೊರಗೆ ಬಿತ್ತು. ನನ್ನ ಬಿಲ್ಲು 18 ಮೀಟರಿನದು. ಪ್ರಾಣಿ ಪೂರ್ತಿ ಅಡ್ಡಕ್ಕೆ ಅಥವಾ ಸ್ವಲ್ಪ ಆಚೆ ತಿರುಗಿ ನಿಂತಿರಬೇಕು. ಎದುರಿಗೆ ನಿಂತರೆ ಇಲ್ಲ.

ಮೂಸ್ ಹೊಡೆಯಲು ಬೇಕಾದ ಪರವಾನಗಿ, ಅಂದರೆ ಟ್ಯಾಗ್, ಸಿಗುವುದೇ ಕಷ್ಟ. 2021ರಿಂದ ಒಂಟಾರಿಯೊದಲ್ಲಿ ಅಂಕಗಳ ಪದ್ಧತಿ ಇದೆ. ಅರ್ಜಿ ಹಾಕಿ ಸಿಗದ ಪ್ರತಿ ವರ್ಷಕ್ಕೂ ಒಂದು ಅಂಕ ಕೂಡುತ್ತದೆ, ಟ್ಯಾಗ್ ಪಡೆದುಕೊಂಡರೆ ಸೊನ್ನೆಗೆ ಇಳಿಯುತ್ತದೆ. ಕಳೆದ ಬಾರಿ ನನಗೆ ಬಿಲ್ಲಿನ ಹಂಗಾಮಿನ ಗಂಡು ಮೂಸ್ ಟ್ಯಾಗ್ ಸಿಕ್ಕಿತು. ಸೆಪ್ಟೆಂಬರ್ ಕೊನೆ, ಬೆದೆಯ ಕಾಲ. ಬೀವರ್ ಕಟ್ಟಿದ ಒಡ್ಡಿನ ಪಕ್ಕ ಆಲ್ಡರ್ ಪೊದೆಯಲ್ಲಿ ಮರಸು ಕೂತೆ. ಆ ಮಾತನ್ನು ಮೊದಲ ಸಲ ನನ್ನದೇ ಮೈಯಲ್ಲಿ ಅನುಭವಿಸಿದೆ. ನೀರಿನ ಮೇಲೆ ಹಬೆ, ಬೆರಳ ತುದಿ ಮರಗಟ್ಟಿತ್ತು. ತೊಗಟೆಯ ಕಹಳೆಯಲ್ಲಿ ಹೆಣ್ಣಿನ ಕೂಗು ಎಳೆದು ಇಪ್ಪತ್ತು ನಿಮಿಷವಾಗಿರಬೇಕು, ಆಚೆಯ ದಿಬ್ಬದಿಂದ ಉತ್ತರ ಬಂತು. ಹೂಂ ಅಂದ ಹಾಗೆ, ಎದೆಯಾಳದಿಂದ, ಹೆಜ್ಜೆಗೊಂದು. ಕೊಂಬು ಮರಕ್ಕೆ ಉಜ್ಜುವ ಸದ್ದು. ಆಮೇಲೆ ಅದು ನೀರಿಗಿಳಿದು ಬಂತು, ನೇರ ನನ್ನ ಕಡೆಗೆ, ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತ. ಕೊಂಬಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಹಿಂದಿನ ದಿನ ನಾನೇ ಅಳೆದು ಗುರುತಿಟ್ಟಿದ್ದ ಬಿಳಿ ಬರ್ಚ್ ಕಾಂಡ 18 ಮೀಟರಿನಲ್ಲಿತ್ತು. ಅದರ ಆಚೆ ಎಂಟು ಹೆಜ್ಜೆಯಲ್ಲಿ ಮೂಸ್ ನಿಂತಿತು. ಎದುರಾಗಿ. ಹೆದೆಯ ಮೇಲೆ ಮೂರು ಬೆರಳು, ಎಳೆದಿರಲಿಲ್ಲ. ಉಸಿರಿನ ಹಬೆ ಕಾಣುವಷ್ಟು, ಗಂಡಿನ ಮೂತ್ರದ ಘಾಟು ಬರುವಷ್ಟು ಹತ್ತಿರ. ಆಮೇಲೆ ಅದು ತಿರುಗಿ ಅಡ್ಡ ನಿಂತಿತು, ಪೂರ್ತಿ ಅಡ್ಡ, ಚಿತ್ರದಲ್ಲಿ ಬರೆದ ಹಾಗೆ. ಇಪ್ಪತ್ನಾಲ್ಕು ಮೀಟರ್ ಇದ್ದೀತು. ಕಾಂಪೌಂಡ್ ಹಿಡಿದ ಗೆಳೆಯನಾಗಿದ್ದರೆ ನಿಶ್ಚಿಂತೆಯಿಂದ ಬಿಡುತ್ತಿದ್ದ, ಸರಿಯಾಗಿಯೇ ಬಿಡುತ್ತಿದ್ದ. ನಾನು ಬರ್ಚ್ ಕಾಂಡವನ್ನು ನೋಡುತ್ತ ಕೂತೆ. ಅದು ಈಚೆ ಬರಲಿಲ್ಲ. ಕುತ್ತಿಗೆಗೆ ಗಾಳಿ ತಾಗಿದ್ದು ನನಗೆ ತಿಳಿಯುವ ಹೊತ್ತಿಗೆ ಅದಕ್ಕೂ ತಿಳಿದಿತ್ತು. ಓಡಲಿಲ್ಲ. ಬಂದ ದಾರಿಯಲ್ಲೇ ನೀರು ದಾಟಿ ದಿಬ್ಬ ಹತ್ತಿತು. ಕೊಂಬು ಆಲ್ಡರ್ ಕೊಂಬೆಗಳಿಗೆ ಟಕ್ ಟಕ್ ಎಂದು ತಾಗುವುದು ಬಹಳ ಹೊತ್ತು ಕೇಳಿಸಿತು.

ಉಳಿದ ಆರು ದಿನ ಒಂದು ಕೂಗೂ ಇಲ್ಲ. ಟ್ಯಾಗ್ ಹಾಗೇ ಮುಗಿಯಿತು. ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಅದರ ಕೊಂಬು ಎಷ್ಟು ಅಗಲವಿತ್ತು ಎಂದು. ಎರಡು ತೋಳನ್ನೂ ಚಾಚಿ ತೋರಿಸಿದೆ, ವಿಡಿಯೊದಲ್ಲಿ ಹಿಡಿಸಲಿಲ್ಲ.

ಈ ವರ್ಷದ ಅರ್ಜಿಯಲ್ಲಿ ಸಿಗಲಿಲ್ಲ, ಹಾಗಾಗಿ ಈಗ ನನ್ನ ಅಂಕ ಒಂದು. ಅಲಗುಗಳಿಗೆ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಹಿತ್ತಲಿನಲ್ಲಿ ಮೈನಸ್ 11 ಡಿಗ್ರಿ. ಜಾಕೆಟ್ ಹಾಕಿಕೊಂಡು ಹಿಮದ ಮೇಲೆ ಮಂಡಿಯೂರಿ ಒಂದು ಬಾಣ ಬಿಟ್ಟೆ. ನಡುವಿನಿಂದ ನಾಲ್ಕು ಬೆರಳು ಎಡಕ್ಕೆ.